ಔಟ್‌ಬೋರ್ಡ್ ಇಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡುವ ರೀತಿ

ಕಾರವಾರದ ಬೈತಖೋಲ, ಮಾಜಾಳಿ ಕಡೆಯ ದೋಣಿಯವರೇ, ದೋಣಿಯ ಹಿಂದೆ ಹೊರಗಡೆ ಸಿಕ್ಕಿಸುವ ಈ ಸೀಮೆಎಣ್ಣೆ ಇಂಜಿನ್ನನ್ನು ಪೆಟ್ರೋಲಿನಲ್ಲೇ ಸ್ಟಾರ್ಟ್ ಮಾಡಿ. ಟ್ಯಾಂಕಿನ ಗಾಳಿ ತಿರುಪು ಸಡಿಲಿಸಿ, ಗೇರ್ ನ್ಯೂಟ್ರಲ್‌ಗೆ ತನ್ನಿ. ಪೈಪಿನ ರಬ್ಬರ್ ಬಲ್ಬು ಗಟ್ಟಿಯಾಗುವವರೆಗೆ ಹಿಚುಕಿ ಸಾಕು, ಆಮೇಲೂ ಸುಮ್ನೆ ಒತ್ತಬೇಡಿ. ಚೋಕ್ (ಇಂಜಿನ್ನಿಗೆ ಹೋಗುವ ಗಾಳಿ ಕಡಿಮೆ ಮಾಡುವ ಗುಂಡಿ) ಎಳೆದು ಸ್ಟಾರ್ಟ್ ಹಗ್ಗ ಮೆಲ್ಲಗೆ ಎಳೆಯಿರಿ, ಹಿಡಿತ ಸಿಕ್ಕ ಮೇಲೆ ಜೋರಾಗಿ. ನಿಮ್ಮ ಹಿಂದೆ ಯಾರೂ ನಿಂತಿರಬಾರದು, ಮೊಣಕೈ ಬಡಿಯುತ್ತದೆ.

ಪೆಟ್ರೋಲ್ ವಾಸನೆ ಜಾಸ್ತಿ ಬಂತಾ? ಚೋಕ್ ಒಳಗೆ ತಳ್ಳಿ ಹತ್ತು ನಿಮಿಷ ಬಿಡಿ. ದೋಣಿಯ ತಳದಲ್ಲಿ ಚೆಲ್ಲಿದ್ದನ್ನು ಬಟ್ಟೆಯಲ್ಲಿ ಒರೆಸಿ. ಆ ಹೊತ್ತಲ್ಲಿ ದಯವಿಟ್ಟು ಬೀಡಿ ಹಚ್ಚಬೇಡಿ.

ಸ್ಟಾರ್ಟ್ ಆದ ಕೂಡಲೇ ಇಂಜಿನ್ ಪಕ್ಕದ ತೂತಿನಿಂದ ಅದನ್ನು ತಂಪು ಮಾಡುವ ನೀರು ಚಿಮ್ಮುತ್ತಾ ನೋಡಿ, ಇಲ್ಲದಿದ್ದರೆ ಆಫ್ ಮಾಡಿ. ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ. ದಡಕ್ಕೆ ಬರುವ ಮುಂಚೆ ಮತ್ತೆ ಪೆಟ್ರೋಲಿಗೆ. ಎಣ್ಣೆಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್‌ನಲ್ಲಿ ಸೀಮೆಎಣ್ಣೆ ಉಳಿದರೆ ಮರುದಿನ ಬೆಳಿಗ್ಗೆ ಹಗ್ಗ ಎಳೆದೇ ಭುಜ ನೋಯುತ್ತದೆ.