ಎಂವಿಗೇ ಲಿಬ್‌ಸಿ ಬೇಕು: ಫ್ರೀಬಿಎಸ್‌ಡಿ ಕೆಟ್ಟಾಗ ಏನು ಮಾಡೋದು

ಮನೆಯಲ್ಲಿ ಫ್ರೀಬಿಎಸ್‌ಡಿ (ಯುನಿಕ್ಸ್ ಜಾತಿಯ ಆಪರೇಟಿಂಗ್ ಸಿಸ್ಟಮ್) ಓಡುವ ಹಳೇ ಮೆಷಿನ್ ಇದೆ. ಒಂದು ರಾತ್ರಿ ಅದರಲ್ಲಿ ಲಿಬ್‌ಸಿ ಫೈಲಿನ, ಅಂದರೆ ಹೆಚ್ಚುಕಡಿಮೆ ಎಲ್ಲ ಕಮಾಂಡುಗಳೂ ಹಂಚಿಕೊಳ್ಳುವ ಲೈಬ್ರರಿಯ, ಹೆಸರು ಬದಲಾಯಿಸಿದೆ. ಹೊಸದನ್ನು ಹಾಕಿ ನೋಡೋಣ ಅಂತ. ಸಿಸ್ಟಮ್ ಬೇಡ ಅಂದಿತ್ತು. ಯಾರೂ ಮುಟ್ಟಬಾರದು ಅಂತ ಆ ಫೈಲಿಗೆ ಎಸ್‌ಸಿಎಚ್‌ಜಿ ಫ್ಲ್ಯಾಗ್ ಹಾಕಿರುತ್ತಾರೆ. ಅದನ್ನೂ ನಾನೇ ತೆಗೆದೆ! ಆಮೇಲೆ ಫೈಲುಗಳ ಪಟ್ಟಿ ಕೊಡುವ ಎಲ್‌ಎಸ್ ಹೊಡೆದರೆ ಲಿಬ್‌ಸಿ ಸಿಗಲಿಲ್ಲ ಅಂತ ಬಂತು. ಹೆಸರು ವಾಪಸ್ ಮಾಡೋಣ ಅಂದ್ರೆ ಹೆಸರು ಬದಲಿಸುವ ಎಂವಿ ಕಮಾಂಡಿಗೂ ಅದೇ ಲಿಬ್‌ಸಿ ಬೇಕು. ಗಾಬರಿಯಲ್ಲಿ ರೂಟ್ ಶೆಲ್ (ಪೂರ್ತಿ ಅಧಿಕಾರದ ಕಮಾಂಡ್ ಪ್ರಾಂಪ್ಟ್) ಮುಚ್ಚಿಬಿಟ್ಟೆ. ಅಲ್ಲಿಗೆ ಬಾಗಿಲೂ ಮುಚ್ಚಿತು, ಲಾಗಿನ್, ರೂಟ್ ಆಗಲು ಬಳಸುವ ಎಸ್‌ಯು ಎಲ್ಲಕ್ಕೂ ಲಿಬ್‌ಸಿ ಬೇಕಲ್ವಾ.

ಅದಕ್ಕೇ ಮೊದಲು ಹೇಳ್ತೀನಿ: ತೆರೆದಿರುವ ರೂಟ್ ಶೆಲ್ ಮುಚ್ಚಬೇಡಿ, ರೀಬೂಟ್ ಮಾಡಬೇಡಿ. ಆ ಶೆಲ್ ಲಿಬ್‌ಸಿಯನ್ನು ಆಗಲೇ ಮೆಮೊರಿಗೆ ತಂದುಕೊಂಡಿದೆ. ಡೈರೆಕ್ಟರಿ ಬದಲಿಸುವ ಸಿಡಿ, ಕೊಟ್ಟ ಪದ ತೋರಿಸುವ ಎಕೋ ಎರಡೂ ಶೆಲ್ಲಿನೊಳಗೇ ಇರುವುದರಿಂದ ನಡೆಯುತ್ತವೆ. ಎಕೋ ಮುಂದೆ ಒಂದು ಸ್ಟಾರ್ ಹಾಕಿದರೆ ಫೈಲುಗಳ ಹೆಸರೂ ಕಾಣುತ್ತವೆ. ಆಮೇಲೆ ರೆಸ್ಕ್ಯೂ ಡೈರೆಕ್ಟರಿಯಲ್ಲಿರುವ ಎಂವಿಯನ್ನು ಪೂರ್ತಿ ಪಾತ್ ಕೊಟ್ಟು ಓಡಿಸಿ. ನನ್ನ ಕೆಲಸ ಆ ಒಂದೇ ಸಾಲಿನಲ್ಲಿ ಮುಗಿಯುತ್ತಿತ್ತು.

2004ರ ಜನವರಿಯಲ್ಲಿ ಬಂದ ಫ್ರೀಬಿಎಸ್‌ಡಿ 5.2ರಿಂದ ಬಿನ್, ಎಸ್‌ಬಿನ್ ಡೈರೆಕ್ಟರಿಗಳ ಕಮಾಂಡುಗಳು ಡೈನಾಮಿಕ್ ಆದವು, ಅಂದರೆ ಓಡುವಾಗ ಲಿಬ್‌ಸಿಯನ್ನು ಹೊರಗಿನಿಂದ ತಂದುಕೊಳ್ಳುತ್ತವೆ. ಆಪತ್ತಿಗೆ ಇರಲಿ ಅಂತ ರೆಸ್ಕ್ಯೂ ಬಂತು. ಇಲ್ಲಿನ ಕಮಾಂಡುಗಳೆಲ್ಲ ಸ್ಟ್ಯಾಟಿಕ್, ಬೇಕಾದ ಲೈಬ್ರರಿ ಒಳಗೇ ಇರುತ್ತದೆ, ಬುತ್ತಿ ಕಟ್ಟಿಕೊಂಡೇ ಹೊರಡುವವರ ಹಾಗೆ. ಸುಮ್ನೆ ಒಮ್ಮೆ ಎಲ್‌ಎಸ್‌ಗೆ 'ಐ' ಆಪ್ಷನ್ ಕೊಟ್ಟು ಒಳಗೆ ನೋಡಿ. ಹೆಸರು ಹತ್ತಾರು, ಐನೋಡ್ ನಂಬರ್ (ಡಿಸ್ಕಿನಲ್ಲಿ ಫೈಲಿನ ಗುರುತಿನ ಸಂಖ್ಯೆ) ಒಂದೇ! ಕ್ರಂಚ್‌ಜೆನ್ ಅನ್ನುವ ಟೂಲ್ ಎಲ್ಲವನ್ನೂ ಸೇರಿಸಿ ಒಂದೇ ಬೈನರಿ ಮಾಡಿರುತ್ತದೆ. ಯಾವ ಹೆಸರಿನಿಂದ ಕರೆದರೋ ಆ ಕೆಲಸ ಮಾಡುತ್ತದೆ.

ನನ್ನ ಹಾಗೆ ಹೊರಗೆ ಉಳಿದರೆ ಬೂಟ್ ಮೆನುವಿನಲ್ಲಿ ಸಿಂಗಲ್ ಯೂಸರ್ (ರಿಪೇರಿಗೆ ಬಳಸುವ ಮೋಡ್) ಆರಿಸಿ. ಯಾವ ಶೆಲ್ ಬೇಕು ಅಂತ ಕೇಳುತ್ತದೆ. ಅಲ್ಲಿ ಸುಮ್ಮನೆ ಎಂಟರ್ ಒತ್ತಿದರೆ ಮಾಮೂಲಿ ಶೆಲ್ಲನ್ನೇ ಹುಡುಕಿಕೊಂಡು ಹೋಗುತ್ತದೆ, ಅದು ಓಡಲ್ಲ. ರೆಸ್ಕ್ಯೂ ಒಳಗಿನ ಎಸ್‌ಎಚ್‌ನ ಪೂರ್ತಿ ಪಾತ್ ಟೈಪ್ ಮಾಡಿ. ಪ್ರಾಂಪ್ಟ್ ಬಂದ ಕೂಡಲೇ, ಕಮಾಂಡುಗಳನ್ನು ಎಲ್ಲಿ ಹುಡುಕಬೇಕು ಅಂತ ಹೇಳುವ ಪಾತ್ ವೇರಿಯಬಲ್‌ಗೂ ರೆಸ್ಕ್ಯೂ ಒಂದನ್ನೇ ಕೊಡಿ, ಬೆರಳಿಗೆ ಕೆಲಸ ಕಮ್ಮಿ. ಡಿಸ್ಕ್ ಇನ್ನೂ ರೀಡ್ ಓನ್ಲಿ ಇರುತ್ತದೆ. ನನ್ನದು ಯುಎಫ್‌ಎಸ್ ಫೈಲ್ ಸಿಸ್ಟಮ್, ಹಾಗಾಗಿ ಮೊದಲು ಅದನ್ನು ಪರೀಕ್ಷಿಸುವ ಎಫ್‌ಎಸ್‌ಸಿಕೆ, ಆಮೇಲೆ ಮೌಂಟ್‌ಗೆ 'ಯು' ಆಪ್ಷನ್ ಕೊಟ್ಟು ರೂಟನ್ನು ರೀಡ್ ರೈಟ್ ಮಾಡಿದೆ.

ಹಳೇ ಫೈಲ್ ಇದ್ದರೆ ಎಂವಿ ಸಾಕು. ಅಳಿಸಿಯೇ ಹೋಗಿದ್ದರೆ ಇನ್‌ಸ್ಟಾಲ್ ಪೆನ್‌ಡ್ರೈವ್ ಮೌಂಟ್ ಮಾಡಿ, ಅದರ ಬೇಸ್ ಆರ್ಕೈವ್‌ನಿಂದ ಟಾರ್ ಬಳಸಿ ಲಿಬ್‌ಸಿ ಒಂದನ್ನೇ ಬಿಚ್ಚಿ. ಪೆನ್‌ಡ್ರೈವ್ ಅದೇ ವರ್ಷನ್‌ದಾಗಿರಲಿ. ಕೆಟ್ಟ ಫೈಲು ಇನ್ನೂ ಅಲ್ಲೇ ಕೂತಿದ್ದರೆ ಮೊದಲು ಸಿಎಚ್‌ಫ್ಲ್ಯಾಗ್ಸ್‌ನಿಂದ ಫ್ಲ್ಯಾಗ್ ತೆಗೆಯಬೇಕು, ಇಲ್ಲದಿದ್ದರೆ ಟಾರ್ ಬೈಯುತ್ತದೆ.

ಕೊನೆಗೆ ಬಿನ್ ಒಳಗಿನ ಎಲ್‌ಎಸ್ ಅನ್ನೇ ಪೂರ್ತಿ ಪಾತ್ ಕೊಟ್ಟು ಓಡಿಸಿ. ರೆಸ್ಕ್ಯೂನ ಎಲ್‌ಎಸ್ ಓಡಿದರೆ ಏನೂ ಗೊತ್ತಾಗಲ್ಲ. ಪಟ್ಟಿ ಬಂತಾ? ಎಸ್‌ಸಿಎಚ್‌ಜಿ ಫ್ಲ್ಯಾಗ್ ಮತ್ತೆ ಹಾಕಿ, ಎಕ್ಸಿಟ್ ಹೊಡೆಯಿರಿ.