ಬಿಸಿಯಾದರೆ ಚಾಲೂ ಆಗದ ಕಾರು: ತಪ್ಪು ಕಾಯಿಲ್‌ನದಲ್ಲ

ನನ್ನದು ಪಾಯಿಂಟ್ (ಕಾಯಿಲ್‌ಗೆ ಕರೆಂಟ್ ಕೊಟ್ಟು ಕಡಿಯುವ ಪುಟ್ಟ ಸ್ವಿಚ್) ಇರುವ ಹಳೆಯ ಪೆಟ್ರೋಲ್ ಕಾರು. ತಣ್ಣಗಿದ್ದಾಗ ಸೆಲ್ಫ್ ಸ್ಟಾರ್ಟರ್ ಅರ್ಧ ಹೊಡೆದರೇ ಚಾಲೂ ಆಗುತ್ತಿತ್ತು. ಮುಕ್ಕಾಲು ಗಂಟೆ ಓಡಿಸಿ ನಿಲ್ಲಿಸಿದರೆ ಮಾತ್ರ ಮುಗಿಯಿತು, ಮತ್ತೆ ಚಾಲೂ ಆಗಲು ಬಾನೆಟ್ ತೆರೆದಿಟ್ಟು ಕಾಯಬೇಕು. ನೋಡಿದವರೆಲ್ಲರದ್ದೂ ಒಂದೇ ತೀರ್ಪು: ಕಾಯಿಲ್ (ಪ್ಲಗ್‌ನ ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಸುರುಳಿ) ಹೋಗಿದೆ.

ಬದಲಿಸಿದೆ. ಕೆಲವು ದಿನ ಸರಿಹೋಯಿತು, ಆಮೇಲೆ ಮತ್ತೆ ಅದೇ ರಾಗ. ಇನ್ನೊಂದು ಕಾಯಿಲ್ ಬಂತು. ಕಿಡಿಯನ್ನು ಪ್ಲಗ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್‌ನ ಕಂಡೆನ್ಸರ್, ಪಾಯಿಂಟ್, ರೋಟರ್, ಕ್ಯಾಪ್, ಪ್ಲಗ್ ವೈರ್‌ಗಳ ಪೂರ್ತಿ ಸೆಟ್, ಎಲ್ಲವೂ ಸರದಿಯಲ್ಲಿ ಬಂದವು. ಹೊಸ ಕಂಡೆನ್ಸರ್‌ಗಳಲ್ಲಿ ಒಂದು ಪೆಟ್ಟಿಗೆಯಿಂದ ತೆಗೆದಾಗಲೇ ಸತ್ತಿತ್ತು. ಹೀಗೆ ಸುರಿದ ಹಣಕ್ಕೆ ಎರಡು ಒಳ್ಳೆಯ ಬ್ಯಾಟರಿ ಬರುತ್ತಿದ್ದವು.

ನನಗೆ ಸುಳಿವು ಕೊಟ್ಟದ್ದು ಆ ‘ಕೆಲವು ದಿನ’ವೇ. ಯಾವ ಭಾಗ ಹಾಕಿದರೂ ಸ್ವಲ್ಪ ಕಾಲ ಸರಿಹೋಗುತ್ತದೆ ಎಂದರೆ ಗುಣ ಆ ಭಾಗದ್ದಲ್ಲ, ಅದನ್ನು ಕೂರಿಸುವಾಗ ಅಲುಗಾಡಿಸಿದ ವೈರಿನದು. ಇದನ್ನು ಹೇಳಿದಾಗ ಒಬ್ಬ ಮೆಕ್ಯಾನಿಕ್ ನಕ್ಕುಬಿಟ್ಟರು. ಕೀ ಹಾಕಿ, ಕಾಯಿಲ್‌ನ ಪ್ಲಸ್‌ಗೆ ಮೀಟರ್ ಹಿಡಿದು, "ನೋಡಿ, ಹನ್ನೆರಡು ವೋಲ್ಟ್ ಇದೆ, ಲೈನ್ ಸರಿಯಾಗಿದೆ" ಎಂದರು. ಆಗ ಪಾಯಿಂಟ್ ತೆರೆದಿತ್ತು. ಕರೆಂಟೇ ಹರಿಯದಿದ್ದಾಗ ಒಂದೇ ಎಳೆಯಲ್ಲಿ ನೇತಾಡುವ ವೈರೂ ಹನ್ನೆರಡು ತೋರಿಸುತ್ತದೆ.

ಸರಿಯಾಗಿ ಅಳೆಯಬೇಕಾದರೆ ಪಾಯಿಂಟ್ ಮುಚ್ಚಿರಬೇಕು, ಎಂಜಿನ್ ಕಾದಿರಬೇಕು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಕಾಯಿಲ್‌ನ ಪ್ಲಸ್‌ಗೆ. ಆಗ ಮೀಟರ್ ತೋರಿಸುವುದು ದಾರಿಯಲ್ಲಿ ಸೋರಿಹೋದ ವೋಲ್ಟೇಜ್. ಅರ್ಧ ವೋಲ್ಟ್‌ವರೆಗೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ನನ್ನ ಕಾರಿನಲ್ಲಿ ಎರಡರ ಹತ್ತಿರ ಬಂತು. ನನ್ನದು ಬ್ಯಾಲಸ್ಟ್ (ಕಾಯಿಲ್‌ಗೆ ಹೋಗುವ ವೋಲ್ಟೇಜ್ ತಗ್ಗಿಸುವ ರೆಸಿಸ್ಟರ್) ಇಲ್ಲದ ಕಾಯಿಲ್. ನಿಮ್ಮದರಲ್ಲಿ ಇದ್ದರೆ ಬ್ಯಾಲಸ್ಟ್‌ಗೆ ಕರೆಂಟ್ ಬರುವ ತುದಿಯಲ್ಲಿ ಅಳೆಯಿರಿ. ಅಳತೆಯನ್ನು ಬೇಗ ಮುಗಿಸಿ ಕೀ ತೆಗೆಯಿರಿ, ಇಲ್ಲದಿದ್ದರೆ ಕಾಯಿಲ್ ನಿಜವಾಗಿಯೂ ಸುಡುತ್ತದೆ.

ಆಮೇಲೆ ಕಡ್ಡಿಯನ್ನು ಒಂದೊಂದೇ ಕೂಡಿಕೆಗೆ ಸರಿಸುತ್ತಾ ಹೋದೆ. ಕೀ ಸ್ವಿಚ್‌ನ ಒಳಗೇ ಒಂದು ವೋಲ್ಟ್‌ಗೂ ಸ್ವಲ್ಪ ಹೆಚ್ಚು ಸೋರುತ್ತಿತ್ತು. ಡ್ಯಾಶ್‌ಬೋರ್ಡ್ ಹಿಂದಿನ ಒಂದು ಕೂಡಿಕೆಯಲ್ಲಿ ಇನ್ನೊಂದು ಅರ್ಧ ವೋಲ್ಟ್. ಅದರ ಪ್ಲಾಸ್ಟಿಕ್ ತೋಳು ಕಂದುಬಣ್ಣಕ್ಕೆ ತಿರುಗಿ ಸೆಟೆದುಕೊಂಡಿತ್ತು. ಸೀಳಿ ನೋಡಿದರೆ ಹಿತ್ತಾಳೆಯ ಮೇಲೆ ಹಸಿರು ಕಿಲುಬು, ವೈರಿನ ಎಳೆಗಳು ಕಪ್ಪು.

ಇಷ್ಟಕ್ಕೇ ನಿಲ್ಲದೆ ಅರ್ತಿಂಗ್ ಕಡೆಯೂ ನೋಡಿದೆ. ಪಾಯಿಂಟ್ ಕೂತಿರುವ ಡಿಸ್ಟ್ರಿಬ್ಯೂಟರ್ ಪ್ಲೇಟಿನಿಂದ ಬ್ಯಾಟರಿಯ ಮೈನಸ್‌ಗೆ ಅರ್ಧ ವೋಲ್ಟ್‌ಗೂ ಮೇಲೆ, ಪ್ಲೇಟನ್ನು ಬೆರಳಿನಿಂದ ತಿರುಗಿಸಿದರೆ ಅಂಕಿ ಕುಣಿಯುತ್ತಿತ್ತು. ಪ್ಲೇಟನ್ನು ಡಿಸ್ಟ್ರಿಬ್ಯೂಟರ್‌ನ ಹೊರಮೈಗೆ ಕೂಡಿಸುವ ಹೆಣೆದ ತಾಮ್ರದ ತುಂಡಿನಲ್ಲಿ ಬೆರಳೆಣಿಕೆಯ ಎಳೆಗಳು ಉಳಿದಿದ್ದವು. ಎಂಜಿನ್ನಿನ ವ್ಯಾಕ್ಯೂಮ್ ಪ್ಲೇಟನ್ನು ಎಳೆದಾಗಲೆಲ್ಲ ಆ ತುಂಡು ಬಾಗುತ್ತದೆ, ವರ್ಷಗಟ್ಟಲೆ ಬಾಗಿ ಬಾಗಿ ಹರಿದುಹೋಗುತ್ತದೆ. ಪಾಯಿಂಟ್, ಕಂಡೆನ್ಸರ್ ಬದಲಿಸಿದಾಗ ಕಾರು ಸುಧಾರಿಸಿದಂತೆ ಕಂಡದ್ದು ಏಕೆ ಎಂದು ಆಗ ತಿಳಿಯಿತು: ಅವನ್ನು ಕೂರಿಸುವಾಗ ಈ ತುಂಡೂ ಅಲುಗಾಡುತ್ತಿತ್ತು.

ನಡುವೆ ಒಂದೆರಡು ಹುಚ್ಚು ಪ್ರಯೋಗಗಳನ್ನೂ ಮಾಡಿದೆ. ಹಳೆಯ ಕಾಯಿಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬಿಸಿನೀರಿನಲ್ಲಿ ಇಳಿಬಿಟ್ಟೆ. ತಣ್ಣಗಿದ್ದಾಗ ಪ್ರೈಮರಿ ಸುರುಳಿಯ (ಬ್ಯಾಟರಿಯ ಕರೆಂಟ್ ಹರಿಯುವ ಸುರುಳಿ) ರೋಧ 3.1 ಓಮ್‌ನಷ್ಟಿತ್ತು, ಕಾದ ಮೇಲೆ 3.8ರ ಆಸುಪಾಸು. ತಾಮ್ರ ಕಾದರೆ ಇಷ್ಟು ಏರುವುದು ಸಹಜ, ಅದು ಕಾಯಿಲ್‌ನ ರೋಗವಲ್ಲ. ಆದರೆ ಈ ಏರಿಕೆಯ ಮೇಲೆ ವೈರಿನ ಸೋರಿಕೆ, ಅದರ ಮೇಲೆ ಸೆಲ್ಫ್ ಹೊಡೆದಾಗ ಬ್ಯಾಟರಿ ಹತ್ತು ವೋಲ್ಟ್‌ಗೆ ಕುಸಿಯುವುದು, ಮೂರೂ ಸೇರಿದರೆ ನಾಲ್ಕು ಆಂಪಿಯರ್ ಹರಿಯಬೇಕಾದಲ್ಲಿ ಎರಡು ಹರಿಯುತ್ತದೆ. ಕಿಡಿ ಎಲ್ಲಿಂದ ಬರಬೇಕು? ಇನ್ನೊಂದು ಪ್ರಯೋಗ ಕತ್ತಲಲ್ಲಿ ಎಂಜಿನ್ ಓಡಿಸಿ ಪ್ಲಗ್ ವೈರ್‌ಗಳ ಮೇಲೆ ನೀರು ಸಿಂಪಡಿಸುವುದು. ಹಳೆಯ ಸೆಟ್‌ನಲ್ಲಿ ನೀಲಿ ಕಿಡಿಗಳು ಹರಿದಾಡಿದ್ದು ಚೆನ್ನಾಗಿ ಕಂಡಿತು, ಬಿಸಿ ಎಂಜಿನ್ನಿನ ಹಠಕ್ಕೂ ಅದಕ್ಕೂ ಸಂಬಂಧವಿರಲಿಲ್ಲ ಅಷ್ಟೇ. ನೀವು ಮಾಡುವುದಾದರೆ ಕೈ ದೂರವಿರಲಿ.

ರಿಪೇರಿ ಸಣ್ಣದು. ಕಾಯಿಲ್‌ಗೆ ಬ್ಯಾಟರಿಯಿಂದ ನೇರವಾಗಿ ದಪ್ಪ ವೈರ್, ನಡುವೆ 15 ಆಂಪಿಯರ್ ಫ್ಯೂಸ್ ಮತ್ತು ಒಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡದನ್ನು ಚಾಲೂ ಮಾಡುವ ಸ್ವಿಚ್). ಕೀ ಸ್ವಿಚ್‌ಗೆ ಈಗ ರಿಲೇ ಎಬ್ಬಿಸುವುದಷ್ಟೇ ಕೆಲಸ. ಡ್ಯಾಶ್‌ಬೋರ್ಡ್ ಹಿಂದಿನ ಕೂಡಿಕೆಯನ್ನು ಕತ್ತರಿಸಿ ಹೊಸದು ಹಾಕಿದೆ. ತಾಮ್ರದ ಹೆಣಿಗೆ ಮಾತ್ರ ಸತಾಯಿಸಿತು: ಬೆಸುಗೆ ಎಳೆಗಳೊಳಗೆ ಇಳಿದರೆ ಅದು ಕಡ್ಡಿಯಂತೆ ಗಟ್ಟಿಯಾಗಿ ಅಲ್ಲೇ ಮುರಿಯುತ್ತದೆ. ಕೊನೆಗೆ ಅದನ್ನು ಯಾವುದರಿಂದ ಮಾಡಿದೆ, ಪ್ಲೇಟ್ ಸಲೀಸಾಗಿ ತಿರುಗುವಂತೆ ಹೇಗೆ ಮಡಿಸಿದೆ ಎಂಬುದನ್ನು ಇಲ್ಲಿ ಬಿಚ್ಚಿಡುವುದಿಲ್ಲ. ಒಂದಿಷ್ಟಾದರೂ ನನ್ನ ಬಳಿಯೇ ಇರಲಿ.

ಈಗ ಪ್ಲಸ್ ಕಡೆಯ ಸೋರಿಕೆ 0.2 ವೋಲ್ಟ್‌ನ ಒಳಗಿದೆ. ಕಾರಿನ ಜೊತೆ ಬಂದ ಹಳೆಯ ಕಾಯಿಲನ್ನೇ ಮರಳಿ ಕೂರಿಸಿದ್ದೇನೆ, ಸುಡುಬಿಸಿಲಿನಲ್ಲಿ ನಿಲ್ಲಿಸಿ ತೆಗೆದರೂ ಮೊದಲ ಸಲ ಸೆಲ್ಫ್ ಹೊಡೆದಾಗಲೇ ಚಾಲೂ ಆಗುತ್ತದೆ. ನಕ್ಕಿದ್ದ ಮೆಕ್ಯಾನಿಕ್ ಇತ್ತೀಚೆಗೆ ನನ್ನ ಮೀಟರನ್ನು ಎರವಲು ಒಯ್ದಿದ್ದಾರೆ. ಅದರ ಬೆಲೆ ಒಂದು ಕಾಯಿಲ್‌ನದಕ್ಕಿಂತ ಕಡಿಮೆ, ಆದರೂ ಅವರಿಗೆ ಕೊಂಡುಕೊಳ್ಳಲು ಮನಸ್ಸಿಲ್ಲ. ರಿಲೇ ಕೈಕೊಟ್ಟರೆ ಇರಲಿ ಎಂದು ಇನ್ನೊಂದನ್ನು ಡಿಕ್ಕಿಯಲ್ಲಿ ಇಟ್ಟಿದ್ದೇನೆ. ಪಕ್ಕದಲ್ಲೇ ಆ ಹೊಸ ಕಾಯಿಲ್‌ಗಳೂ ಬಿದ್ದಿವೆ, ಬೇಕಾದವರು ಅರ್ಧ ಬೆಲೆಗೆ ಒಯ್ಯಬಹುದು.