ಓಪನ್‌ಡಬ್ಲ್ಯೂಆರ್‌ಟಿ ಹಾಕಿದ ಮೇಲೆ ಇಳಿದ ವೇಗದ ಮೂಲ ಹುಡುಕಿದ್ದು: ನನ್ನ ಅನುಭವ

ನನ್ನ ಮನೆಯ ರೂಟರ್‌ನಲ್ಲಿರುವುದು ಮೀಡಿಯಾಟೆಕ್‌ನ ಎಂಟಿ7621 ಚಿಪ್. ಅದರಲ್ಲಿ ತಯಾರಕರ ಫರ್ಮ್‌ವೇರ್ (ಸಾಧನವನ್ನು ನಡೆಸುವ ಒಳಗಿನ ತಂತ್ರಾಂಶ) ತೆಗೆದು, ಲಿನಕ್ಸ್ ಆಧಾರಿತ ಮುಕ್ತ ಫರ್ಮ್‌ವೇರ್ ಆದ ಓಪನ್‌ಡಬ್ಲ್ಯೂಆರ್‌ಟಿ ಹಾಕಿದ ನಂತರ, 300 ಎಂಬಿಪಿಎಸ್ ಸಂಪರ್ಕವಿದ್ದರೂ ವೈಫೈ ಮೇಲೆ ಸಿಗುತ್ತಿದ್ದುದು 130ರ ಆಸುಪಾಸು ಮಾತ್ರ. ಇಂಥ ಸಂದರ್ಭದಲ್ಲಿ ಸೆಟ್ಟಿಂಗ್‌ಗಳಿಗೆ ಕೈ ಹಾಕುವ ಮೊದಲು ದಾರಿಯನ್ನು ತುಂಡು ಮಾಡಿ ಅಳೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಫೋನಿನಿಂದ ರೂಟರ್‌ವರೆಗಿನ ರೇಡಿಯೊ ಭಾಗ ಒಂದು, ರೂಟರ್‌ನಿಂದ ಹೊರಗೆ ಹೋಗುವ ಭಾಗ ಇನ್ನೊಂದು, ಮತ್ತು ಇವೆರಡರ ತೊಂದರೆಗಳಿಗೆ ಪರಸ್ಪರ ಸಂಬಂಧವೇ ಇಲ್ಲದಿರಬಹುದು.

ಮೊದಲು ಲ್ಯಾಪ್‌ಟಾಪನ್ನು ಕೇಬಲ್‌ನಿಂದ ನೇರವಾಗಿ ರೂಟರ್‌ಗೆ ಜೋಡಿಸಿ ಇಂಟರ್ನೆಟ್ ವೇಗ ನೋಡಿದೆ: ಸುಮಾರು 190. ಬಳಿಕ ಕೇಬಲ್‌ನಲ್ಲಿದ್ದ ಒಂದು ಕಂಪ್ಯೂಟರ್‌ನಲ್ಲಿ ಎರಡು ಯಂತ್ರಗಳ ನಡುವಿನ ವೇಗ ಅಳೆಯುವ ಐಪರ್ಫ್3 ತಂತ್ರಾಂಶದ ಸರ್ವರ್ ಓಡಿಸಿ, ವೈಫೈನಲ್ಲಿದ್ದ ಇನ್ನೊಂದರಿಂದ ಪರೀಕ್ಷಿಸಿದೆ: ಸುಮಾರು 230. ಐಪರ್ಫ್3 ಅನ್ನು ರೂಟರ್ ಮೇಲೆಯೇ ಓಡಿಸಬಾರದು. ಪ್ಯಾಕೆಟ್ (ದತ್ತಾಂಶದ ತುಣುಕು) ಹುಟ್ಟಿಸುವ ಕೆಲಸವೂ ಅದರ ಪುಟ್ಟ ಸಿಪಿಯು ಮೇಲೆ ಬಿದ್ದು ಅಂಕಿಗಳು ದಾರಿ ತಪ್ಪಿಸುತ್ತವೆ. ಎರಡೂ ಭಾಗಗಳಲ್ಲಿ ಕೊರತೆಯಿದೆ ಎಂಬುದು ಇಷ್ಟರಿಂದಲೇ ಖಚಿತವಾಯಿತು.

ಕೇಬಲ್ ಭಾಗದ ಕಾರಣ ತಿಳಿಯಲು, ಡೌನ್‌ಲೋಡ್ ನಡೆಯುತ್ತಿರುವಾಗಲೇ ಎಸ್‌ಎಸ್‌ಎಚ್ (ದೂರದಿಂದ ಆಜ್ಞೆ ಕೊಡುವ ಸುರಕ್ಷಿತ ಸಂಪರ್ಕ) ಮೂಲಕ ರೂಟರ್ ಒಳಗೆ ಹೋಗಿ, ಸಿಪಿಯು ಹೊರೆ ತೋರಿಸುವ ಟಾಪ್ ಆಜ್ಞೆ ಕೊಟ್ಟೆ. ಸಿಪಿಯು ಮುಕ್ಕಾಲು ಪಾಲು ಬಿಡುವಾಗಿದೆ ಎಂದು ಮೇಲಿನ ಸಾಲು ಹೇಳುತ್ತಿತ್ತು, ಆದರೆ ಕೆಳಗಿನ ಪಟ್ಟಿಯಲ್ಲಿ ಪ್ಯಾಕೆಟ್‌ಗಳನ್ನು ಸಂಸ್ಕರಿಸುವ ಕೆಸಾಫ್ಟ್‌ಐಆರ್‌ಕ್ಯೂಡಿ ಎಂಬ ಒಂದೇ ಪ್ರಕ್ರಿಯೆ 25 ಶೇಕಡಾದ ಹತ್ತಿರ ಅಲುಗಾಡದೆ ನಿಂತಿತ್ತು. ಈ ಚಿಪ್‌ನಲ್ಲಿರುವುದು ಎರಡು ಕೋರ್, ನಾಲ್ಕು ಥ್ರೆಡ್ (ಒಟ್ಟಿಗೆ ಕೆಲಸ ಮಾಡಬಲ್ಲ ನಾಲ್ಕು ಹಾದಿ). ಓಪನ್‌ಡಬ್ಲ್ಯೂಆರ್‌ಟಿಯ ಟಾಪ್ ನಾಲ್ಕನ್ನೂ ಸೇರಿಸಿ ನೂರು ಎಂದು ಲೆಕ್ಕ ಹಾಕುವುದರಿಂದ, 25 ಎಂದರೆ ಒಂದು ಥ್ರೆಡ್ ಪೂರ್ತಿ ಉಸಿರುಗಟ್ಟಿದೆ ಎಂದೇ ಅರ್ಥ. ಎಚ್‌ಟಾಪ್ ಎಂಬ ಇದೇ ಬಗೆಯ ತಂತ್ರಾಂಶ ಹಾಕಿಕೊಂಡರೆ ಇದು ಥ್ರೆಡ್‌ಗೊಂದರಂತೆ ನಾಲ್ಕು ಅಡ್ಡಪಟ್ಟಿಗಳಲ್ಲಿ ಕಣ್ಣಿಗೇ ಕಾಣುತ್ತದೆ. ಪ್ರೊಕ್ ಕಡತಕೋಶದ ಇಂಟರಪ್ಟ್ಸ್ ಕಡತದಲ್ಲೂ ಈಥರ್ನೆಟ್ (ಕೇಬಲ್ ಸಂಪರ್ಕ) ಸಿಪಿಯುವನ್ನು ಕರೆದ ಎಣಿಕೆ ಮೊದಲ ಅಂಕಣದಲ್ಲಿ, ಅಂದರೆ ಮೊದಲ ಥ್ರೆಡ್‌ನಲ್ಲಿ ಮಾತ್ರ ಏರುತ್ತಿತ್ತು.

ತಯಾರಕರ ಫರ್ಮ್‌ವೇರ್‌ನಲ್ಲಿ ಇದು ಕಾಣಿಸದಿರಲು ಕಾರಣವಿದೆ. ಅಲ್ಲಿ ಒಮ್ಮೆ ಸ್ಥಾಪನೆಯಾದ ಸಂಪರ್ಕದ ಪ್ಯಾಕೆಟ್‌ಗಳ ವಿಳಾಸ ಬದಲಿಸುವ ಕೆಲಸವನ್ನು ಚಿಪ್‌ನೊಳಗಿನ ಪ್ರತ್ಯೇಕ ಯಂತ್ರಾಂಶವೇ ಮಾಡುತ್ತದೆ, ಸಿಪಿಯುಗೆ ಅದರ ಸುದ್ದಿಯೇ ತಲುಪುವುದಿಲ್ಲ. ಓಪನ್‌ಡಬ್ಲ್ಯೂಆರ್‌ಟಿಯಲ್ಲಾದರೆ, ನಾವು ಬೇರೆ ಹೇಳುವವರೆಗೆ ಪ್ರತಿ ಪ್ಯಾಕೆಟ್ ಕೂಡ ಲಿನಕ್ಸ್‌ನ ಫೈರ್‌ವಾಲ್ ಹಾದಿಯನ್ನು ಪೂರ್ತಿ ನಡೆದೇ ಹೋಗಬೇಕು. ನನ್ನ ಸಂಪರ್ಕ ಪಿಪಿಪಿಒಇ (ಪ್ರತಿ ಪ್ಯಾಕೆಟ್‌ಗೂ ಇನ್ನೊಂದು ಹೊದಿಕೆ ಸುತ್ತುವ ಬಗೆ) ಆದ್ದರಿಂದ ಆ ಹೊದಿಕೆಯ ಹೆಡರ್ ಬಿಚ್ಚುವ ಹೊರೆಯೂ ಸೇರುತ್ತದೆ. ಒಂದೊಂದನ್ನೇ ಬದಲಿಸಿ ಅಳೆಯುತ್ತಾ ಹೋದೆ. ಪ್ಯಾಕೆಟ್ ಸ್ಟೀರಿಂಗ್ ಚಾಲೂ ಮಾಡಿದಾಗ ಕೆಲಸ ಉಳಿದ ಥ್ರೆಡ್‌ಗಳಿಗೂ ಹಂಚಿಹೋಗಿ ವೇಗ 230 ಮುಟ್ಟಿತು. ಫೈರ್‌ವಾಲ್ ಪುಟದಲ್ಲಿ, ಸ್ಥಾಪನೆಯಾದ ಸಂಪರ್ಕದ ಪ್ಯಾಕೆಟ್‌ಗಳಿಗೆ ಚಿಕ್ಕ ದಾರಿ ಕೊಡುವ ಸಾಫ್ಟ್‌ವೇರ್ ಫ್ಲೋ ಆಫ್‌ಲೋಡಿಂಗ್ ಆರಿಸಿದಾಗ 285 ದಾಟಿತು. ಆ ಕೆಲಸವನ್ನು ಚಿಪ್‌ನ ಯಂತ್ರಾಂಶಕ್ಕೇ ಒಪ್ಪಿಸುವ ಹಾರ್ಡ್‌ವೇರ್ ಆಫ್‌ಲೋಡಿಂಗ್‌ನಲ್ಲಿ ವೇಗ ಅಷ್ಟೇ ಇದ್ದರೂ ಸಿಪಿಯು ಬಹುತೇಕ ಖಾಲಿಯಾಯಿತು. ಈ ಸೌಲಭ್ಯ 2018ರ 18.06 ಆವೃತ್ತಿಯಿಂದಲೇ ಈ ಚಿಪ್‌ಗೆ ಲಭ್ಯವಿದೆ.

ರೇಡಿಯೊ ಭಾಗದ ಪರಿಹಾರ ಸರಳವಾಗಿತ್ತು. 5 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ ಅಗಲ 40 ಮೆಗಾಹರ್ಟ್ಸ್ ಇತ್ತು, ದೇಶದ ಕೋಡ್ ನಮೂದಾಗಿರಲಿಲ್ಲ. ಎರಡು ಆಂಟೆನಾಗಳ ಎಸಿ (ವೈಫೈ 5) ಸಾಧನಕ್ಕೆ 40ರಲ್ಲಿ ಲಿಂಕ್ ದರ ಹೆಚ್ಚೆಂದರೆ 400, 80ರಲ್ಲಿ 866. ನಿಜವಾಗಿ ಕೈಗೆ ಸಿಗುವುದು ಇದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ದೇಶದ ಕೋಡ್ ಕೊಡದಿದ್ದರೆ ಎಲ್ಲೆಡೆಗೂ ಅನ್ವಯಿಸುವ ಕಟ್ಟುನಿಟ್ಟಿನ ಮಿತಿಗಳು ಜಾರಿಯಾಗಿ, ಬಳಸಬಹುದಾದ ಚಾನೆಲ್‌ಗಳು ಕಡಿಮೆಯಾಗುತ್ತವೆ. ಎರಡನ್ನೂ ಸರಿಪಡಿಸಿದ ಮೇಲೆ ಐಪರ್ಫ್3 480ರ ಸುತ್ತ ತೋರಿಸಿತು. ರೇಡಾರ್ ಜೊತೆ ಹಂಚಿಕೊಳ್ಳುವ 52ರಂಥ ಚಾನೆಲ್ ಆರಿಸಿದವರು, ರೇಡಿಯೊ ಕನಿಷ್ಠ ಒಂದು ನಿಮಿಷ ಕಿವಿಗೊಟ್ಟು ಆಲಿಸಿದ ನಂತರವೇ ಪ್ರಸಾರ ಆರಂಭಿಸುತ್ತದೆ ಎಂಬುದನ್ನು ನೆನಪಿಡಬೇಕು. ಆ ಮೌನವನ್ನು ಕಂಡು ಫರ್ಮ್‌ವೇರ್ ಕೆಟ್ಟಿತೆಂದು ಭಾವಿಸುವವರಿದ್ದಾರೆ.

ಇಷ್ಟಾದರೂ ನನಗೆ ಸಮಾಧಾನವಾಗಲಿಲ್ಲ. ದೊಡ್ಡ ಕಡತವೊಂದು ಇಳಿಯುತ್ತಿರುವಾಗ ಪಿಂಗ್ (ಪ್ಯಾಕೆಟ್ ಹೋಗಿ ಬರುವ ಸಮಯ) 12 ಮಿಲಿಸೆಕೆಂಡ್‌ನಿಂದ 140ಕ್ಕೆ ಜಿಗಿಯುತ್ತಿತ್ತು, ವಿಡಿಯೊ ಕರೆಯಲ್ಲಿ ಮಾತು ತುಂಡಾಗುತ್ತಿತ್ತು. ಇದು ಬಫರ್‌ಬ್ಲೋಟ್, ಅಂದರೆ ಪ್ಯಾಕೆಟ್‌ಗಳು ಉದ್ದ ಸರತಿಯಲ್ಲಿ ಕಾದು ತಡವಾಗುವುದು. ಇದನ್ನು ಹತೋಟಿಗೆ ತರುವುದು ಸರತಿ ನಿರ್ವಹಿಸುವ ಎಸ್‌ಕ್ಯೂಎಂ ಪ್ಯಾಕೇಜ್‌ನ ಕೇಕ್ ಕ್ರಮಸೂಚಿ. ಆದರೆ ಹಾರ್ಡ್‌ವೇರ್ ಆಫ್‌ಲೋಡ್ ಆದ ಪ್ಯಾಕೆಟ್‌ಗಳು ಕೇಕ್‌ನ ಕೈಗೆ ಸಿಗುವುದೇ ಇಲ್ಲವಾದ್ದರಿಂದ ಎರಡರಲ್ಲಿ ಒಂದನ್ನು ಆರಿಸಲೇಬೇಕು. ಸುಸ್ಥಿರ ಕರೆಯೇ ನನಗೆ ಹೆಚ್ಚು ಬೆಲೆಯುಳ್ಳದ್ದು, ಹಾಗಾಗಿ ಆಫ್‌ಲೋಡಿಂಗ್ ತೆಗೆದು ಎಸ್‌ಕ್ಯೂಎಂ ಇಟ್ಟುಕೊಂಡೆ. ಸಂಪರ್ಕದ ವೇಗದ 85ರಿಂದ 95 ಶೇಕಡಾ ಮಿತಿ ಇಡಬೇಕೆಂಬ ಸಾಮಾನ್ಯ ಸೂತ್ರ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಇಲ್ಲಿ ಗಡಿ ಹಾಕುವುದು ಸಂಪರ್ಕವಲ್ಲ, ಸಿಪಿಯು. ಆದ್ದರಿಂದ ಡೌನ್‌ಲೋಡ್ ಮಿತಿಯನ್ನು 100ರಿಂದ ಆರಂಭಿಸಿ ಹತ್ತು ಹತ್ತಾಗಿ ಏರಿಸುತ್ತಾ, ಎಚ್‌ಟಾಪ್‌ನಲ್ಲಿ ಒಂದು ಅಡ್ಡಪಟ್ಟಿ ತುಂಬಿ ಪಿಂಗ್ ಮತ್ತೆ ಏರತೊಡಗಿದ ಕಡೆ ನಿಂತು, ಅಲ್ಲಿಂದ ಎರಡು ಮೆಟ್ಟಿಲು ಕೆಳಗಿಳಿಸಿ 150ಕ್ಕೆ ಇಟ್ಟಿದ್ದೇನೆ. ಈಗ ಹೊರೆಯಿರುವಾಗಲೂ ಪಿಂಗ್ 20ರ ಒಳಗೇ ಇರುತ್ತದೆ.